ಡಿಸ್ಕಿನಲ್ಲಿ ಅಣ್ಣನ ಪಾಲು

ದೆವ್ವದ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ರಾಯಚೂರಿನ ಒಂದು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹುಣಸೆಮರದಲ್ಲಿ ಯಾರೋ ಕೂತಿದ್ದಾರೆಂದು ಹುಡುಗಿಯರು ಹೆದರಿ ಬಂದರೆ, ಅವರನ್ನು ಅದೇ ಮರದ ಕೆಳಗೆ ಕೂರಿಸಿ ಪಾಠ ಮಾಡಿದವಳು. ಹಾಗಾಗಿ ಮಾನ್ವಿಯಿಂದ ನಮ್ಮ ಅತ್ತಿಗೆಯ ತಮ್ಮ ಫೋನ್ ಮಾಡಿ, 'ಅಕ್ಕಾರ, ನಿಮ್ಮಣ್ಣ ನಮ್ಮ ಮನ್ಯಾಗ ಮಾತಾಡಾಕತ್ಯಾರ. ನೀವು ಒಂದ್ಸಲ ಬಂದು ಹೋಗ್ರಿ' ಎಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಅಣ್ಣ ತೀರಿಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ.

'ಏನಂತಾನ?' ಎಂದು ಗದರಿದ ಹಾಗೇ ಕೇಳಿದೆ.

'ಕರೆಂಟ್ ಬಂತು, ಬರ್ರೀ, ಅಂತಾರ್ರಿ.'

ಅಷ್ಟು ಕೇಳಿದ್ದೇ ಸಿಟ್ಟು ಇಳಿದುಹೋಯಿತು. ಸ್ಟಾಫ್ ರೂಮಿನಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಆ ಮಾತು ಎಲ್ಲಿಂದ ಬರುತ್ತಿದೆ ಎಂದು ನನಗೆ ಗೊತ್ತಿತ್ತು.

ಅಣ್ಣನದು ದೇವದುರ್ಗದಲ್ಲಿ ಟೈಪಿಂಗ್ ಅಂಗಡಿ. ಲಗ್ನಪತ್ರಿಕೆ, ತಹಶೀಲ್ದಾರರಿಗೆ ಅರ್ಜಿ, ಹೊಳೆದಂಡೆಯ ಗೂಗಲ್ ಊರಿನ ಕಡೆಯ ಹಳ್ಳಿಗಳ ಗುಡಿ ಕಾರ್ಯಕ್ರಮದ ಕರಪತ್ರ, ಸತ್ತವರ ಫೋಟೋ ಹಾಕಿದ ಕಾರ್ಡು, ಎಲ್ಲ ಅವನ ಕೈಯಲ್ಲೇ ಆಗುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿನ ಕರೆಂಟಿಗೆ ಹೊತ್ತು ಗೊತ್ತು ಇರಲಿಲ್ಲ. ಹೋಯಿತೆಂದರೆ ಅಣ್ಣ, ಕಾದು ಕೂತ ಗಿರಾಕಿಗಳನ್ನೂ ಕರೆದುಕೊಂಡು, ಎದುರಿನ ಚಹಾ ಹೋಟೆಲಿಗೆ ದಾಟುತ್ತಿದ್ದ. ಕರೆಂಟು ಬಂದದ್ದು ಅಲ್ಲಿ ಕೂತವರಿಗೆ ತಿಳಿಯಬೇಕಲ್ಲ. ಅದಕ್ಕೊಂದು ಉಪಾಯ ಮಾಡಿದ್ದ. ಕರೆಂಟು ಬಂದ ಕೂಡಲೇ ಕಂಪ್ಯೂಟರು ತಾನೇ ಹೊತ್ತಿಕೊಳ್ಳಬೇಕು, ವಿಂಡೋಸ್ ತೆರೆದ ಕೂಡಲೇ ಅವನದೇ ಧ್ವನಿ ಮೊಳಗಬೇಕು, ಹಾಗೆ ಹೊಂದಿಸಿಟ್ಟಿದ್ದ. ಬೀದಿಗೆ ಮುಖ ಮಾಡಿ ಎರಡು ದೊಡ್ಡ ಸ್ಪೀಕರು. ಧ್ವನಿಯನ್ನು ಅದೇ ಹೋಟೆಲಿನಲ್ಲಿ ಕೂತು ಮೊಬೈಲಿನಲ್ಲಿ ಹಿಡಿದದ್ದು. ಮೊದಲು ಗ್ಲಾಸಿನೊಳಗೆ ಚಮಚ ತಿರುಗುವ ಸದ್ದು ಕೇಳುತ್ತದೆ. ಹಿಂದೆ ಎಲ್ಲೋ ಕಂಡಕ್ಟರನ ಸೀಟಿ. ಆಮೇಲೆ 'ಕರೆಂಟ್ ಬಂತು, ಬರ್ರೀ!' ಕೊನೆಗೆ ಒಂದು ಸಣ್ಣ ಕೆಮ್ಮು. ಹೋಟೆಲಿನ ಸಾಹೇಬರು ಅದನ್ನು ಕೇಳಿದ್ದೇ, 'ಚಲೋ ಚಲೋ, ಬುಲಾರೇ ದೇಖೋ, ಕರೀಲಿಕ್ಕತ್ತಾರ ನೋಡ್ರಿ' ಎಂದು ಗಿರಾಕಿಗಳನ್ನು ಎಬ್ಬಿಸಿ ಕಳಿಸುತ್ತಿದ್ದರು.

ಅಣ್ಣ ಸತ್ತದ್ದೂ ಕರೆಂಟಿಲ್ಲದ ಹೊತ್ತಿನಲ್ಲೇ. ಅವತ್ತು ಹೋಟೆಲಿಗೆ ಹೋಗಿರಲಿಲ್ಲ. ಎದೆ ಹಿಡಿದಂತಾಗಿ ಅಂಗಡಿಯಲ್ಲೇ ಟೇಬಲ್ಲಿಗೆ ತಲೆ ಇಟ್ಟು ಕೂತನಂತೆ. ಒಂದಷ್ಟು ಹೊತ್ತಿಗೆ ಕರೆಂಟು ಬಂತು. ಅವನ ಧ್ವನಿ ಬೀದಿಗೆ ಕೇಳಿತು. ಕರೆದರಲ್ಲ ಎಂದು ಗ್ಲಾಸು ಕೆಳಗಿಟ್ಟು ಎದ್ದು ಹೋದವರು ಒಳಗೆ ಮುಟ್ಟಿ ನೋಡಿದರೆ ಮೈ ತಣ್ಣಗಾಗಿತ್ತು. ಹಾಗೆ ಎದ್ದು ಹೋದವರೊಬ್ಬರು ಮಣ್ಣು ಮಾಡಿದ ದಿನ ಇದನ್ನು ನನ್ನ ಕಿವಿಗೆ ಹಾಕಿದರು. ಯಾಕಾದರೂ ಹೇಳಿದರೋ ಎಂದು ಅವರ ಮೇಲೆ ನನಗೆ ಇವತ್ತಿಗೂ ಮುನಿಸಿದೆ.

ಅಣ್ಣ ಅತ್ತಿಗೆಗೆ ಮಕ್ಕಳಿರಲಿಲ್ಲ. ಅತ್ತಿಗೆ ಮಾನ್ವಿಗೆ, ತಮ್ಮನ ಮನೆಗೆ ಹೋದಳು. ಅಣ್ಣನ ಜೊತೆ ಕೂತು ಕೆಲಸ ಕಲಿತಿದ್ದಳಾದ್ದರಿಂದ ತಮ್ಮ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟ. ಗೂಡ್ಸ್ ಆಟೋದಲ್ಲಿ ಕಂಪ್ಯೂಟರು, ಸ್ಪೀಕರು, ಪ್ರಿಂಟರು ಸಿರವಾರದ ಮೇಲೆ ಹಾದು ಮಾನ್ವಿ ಸೇರಿದವು. ಇದ್ದದ್ದನ್ನು ಇದ್ದ ಹಾಗೇ ಜೋಡಿಸಿದರು. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಮುಂದಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಅಣ್ಣ ಕರೆದ. ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದ ಅತ್ತಿಗೆ, ದೇವದುರ್ಗದಲ್ಲಿ ಎಷ್ಟೋ ವರ್ಷದಿಂದ ಅನ್ನುತ್ತಿದ್ದ ಹಾಗೆ, 'ಬಂದೆ ರೀ' ಎಂದು ಒದ್ದೆ ಕೈಯಲ್ಲೇ ಓಡಿಬಂದಳಂತೆ. ಕೋಣೆಯ ಬಾಗಿಲಿಗೆ ಬಂದ ಮೇಲೆ ನೆನಪಾಯಿತಂತೆ.

ಶನಿವಾರ ಶಾಲೆ ಮುಗಿಸಿ ಮಾನ್ವಿ ಬಸ್ಸು ಹತ್ತಿದೆ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಕುಪ್ಪಸದ ತೋಳು ಸಡಿಲವಾಗುವಷ್ಟು ಸೊರಗಿದ್ದಳು. 'ಜ್ವರ ಬಂದು ಬಂದು ಹೋಗಾಕತ್ತದ, ಮತ್ತೇನಿಲ್ಲ' ಎಂದಳು. ಅಡುಗೆಮನೆಯಲ್ಲಿ ಅವಳ ತಮ್ಮನ ಹೆಂಡತಿ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಒಂದೇ ಉಸಿರಿಗೆ ಹೇಳಿಕೊಂಡಳು.

'ನೋಡ್ರಿ ಟೀಚರ, ನಿಮಗ ನಗು ಬರ್ತದ, ನಂಗೊತ್ತದ. ಸತ್ತಾವ್ರು ಕರದ್ರ ಓ ಅನಬಾರದು ಅಂತಾರ ಹಿರೇರು. ಅವ್ರು ಬರ್ರಿ ಅಂತಾರ, ಈಕಿ ಬಂದೆ ಅಂತಾಳ. ದಿನಾ ಇದ ಆತು. ಮೈ ನೋಡೀರಿಲ್ಲೋ ಹೆಂಗ ಇಳದದ? ನನ್ನ ಹುಡುಗ್ರು ಆ ಕೋಣಿ ಕಡಿ ಹೋಗವಲ್ವು, ನಿದ್ದಿಗಣ್ಣಾಗ ಚೀರ್ತಾವ. ಆ ಪೆಟ್ಟಿಗಿ ಹೊರಗ ಹೋಗಬೇಕ್ರಿ. ಇಲ್ಲಾಂದ್ರ ನಾ ಮಕ್ಕಳನ್ನ ಕರಕೊಂಡು ತೌರಿಗಿ ಹೊಂಟೆ.'

ನಾನು ನಗಲಿಲ್ಲ. ಪೆಟ್ಟಿಗೆ ಹೊರಗೆ ಹೋದರೆ ಅತ್ತಿಗೆಯ ಅನ್ನ ಹೋಗುತ್ತದೆ. ಹೋಗದಿದ್ದರೆ ಆ ಮನೆ ಒಡೆಯುತ್ತದೆ, ಅತ್ತಿಗೆಗೆ ಅಲ್ಲೂ ನೆಲೆ ಉಳಿಯುವುದಿಲ್ಲ. ತಮ್ಮನ ಹೆಂಡತಿ ಕೆಟ್ಟವಳಲ್ಲ. ಹೆದರಿದ್ದಳು, ಅಷ್ಟೇ.

ನಾವು ಮಾತಾಡುತ್ತಿರುವಾಗಲೇ ಫ್ಯಾನು ನಿಂತಿತು. ಕರೆಂಟು ಹೋದರೆ ಜನ ಗೊಣಗುತ್ತಾರೆ, ಬೀಸಣಿಗೆ ಹುಡುಕುತ್ತಾರೆ. ಈ ಮನೆಯಲ್ಲಿ ಹಾಗಲ್ಲ, ಎಲ್ಲರೂ ಕಾಯುತ್ತ ಕೂತರು. ಚಹಾ ಆರಿಹೋಯಿತು. ಕೊನೆಗೆ ಫ್ಯಾನು ತಿರುಗಿತು. ಸ್ವಲ್ಪ ಹೊತ್ತಿಗೆ ಮುಂದಿನ ಕೋಣೆಯಿಂದ ಚಮಚದ ಸದ್ದು, ಸೀಟಿ, ಆಮೇಲೆ ಅವನು. 'ಕರೆಂಟ್ ಬಂತು, ಬರ್ರೀ!'

ಕೊನೆಗೆ ಆ ಸಣ್ಣ ಕೆಮ್ಮು. ಕೆಮ್ಮನ್ನು ನಾನು ಮರೆತೇಬಿಟ್ಟಿದ್ದೆ. ನನಗಿಂತ ಮೊದಲೇ ಎದ್ದ ಅತ್ತಿಗೆ ಸೆರಗು ಸರಿಮಾಡಿಕೊಂಡು, 'ಬಂದೆ ರೀ' ಎಂದು ನಡೆದಳು. ಆ ನಡಿಗೆಯಲ್ಲಿ ಹುಚ್ಚೂ ಇರಲಿಲ್ಲ, ದುಃಖವೂ ಇರಲಿಲ್ಲ. ಕೆಲಸ ಬಿದ್ದಿದೆ ಎಂದು ಎದ್ದು ಹೋಗುವ ಹೆಂಗಸಿನ ನಡಿಗೆ ಅದು. ನನಗೆ ಹೆದರಿಕೆಯಾದದ್ದು ಅದನ್ನು ನೋಡಿ.

ಹಿಂದೆಯೇ ಹೋಗಿ ಕಂಪ್ಯೂಟರಿನ ಮುಂದೆ ಕೂತು, ಧ್ವನಿ ಇದ್ದ ಜಾಗವನ್ನು ತೆರೆದು ತೋರಿಸಿದೆ. 'ಅತ್ತಿಗಿ, ಇದು ಬರೇ ರೆಕಾರ್ಡು. ಇಲ್ಲಿ ನೋಡ್ರಿ, ಇದನ್ನ ಇಲ್ಲಿಂದ ತಗದ್ರ ಮುಗೀತು.'

ಅವಳು ನನ್ನ ಮುಂಗೈ ಹಿಡಿದುಕೊಂಡಳು. ಗಟ್ಟಿಯಾಗಿಯೇ ಹಿಡಿದಳು. 'ತಗೀಬ್ಯಾಡ ಯವ್ವಾ. ನಿನ್ನ ಕಾಲು ಬೀಳ್ತೀನಿ.'

ಟೀಚರಾದವಳಿಗೆ ಇಂಥಲ್ಲಿ ವಾದ ಮಾಡುವ ಚಟ. ಬಾಯಿಗೆ ಬಂದ ವಾದವನ್ನು ನುಂಗಿಕೊಂಡು ಬೇರೆ ದಾರಿ ಯೋಚಿಸಿದೆ. ಆ ವಿಂಡೋಸ್ ಹೇಗೂ ಮುದಿಯಾಗಿತ್ತು. ಆನ್‌ಲೈನ್ ಅರ್ಜಿಯ ಒಂದು ತಾಣವೂ ಅದರಲ್ಲಿ ನೆಟ್ಟಗೆ ತೆರೆಯುತ್ತಿರಲಿಲ್ಲ; ಆದಾಯ ಪ್ರಮಾಣಪತ್ರಕ್ಕೆ ಬಂದವರು ಬೇರೆ ಅಂಗಡಿಗೆ ಎದ್ದು ಹೋಗುತ್ತಿದ್ದರು. ಹಾಗೆಂದು ಅದನ್ನು ಅಳಿಸುವಂತೆಯೂ ಇಲ್ಲ. ಅಣ್ಣ ಜೋಡಿಸಿಟ್ಟ ಲಗ್ನಪತ್ರಿಕೆಗಳೆಲ್ಲ ಹಳೆಯ ಕನ್ನಡ ಫಾಂಟಿನ ಅಕ್ಷರದವು. ಬೇರೆಡೆ ತೆರೆದರೆ ವಧು ವರ ಇಬ್ಬರ ಹೆಸರೂ ಚುಕ್ಕಿ ಗೀಟುಗಳಾಗಿ ಕಾಣುತ್ತವೆ. ನಮ್ಮ ಶಾಲೆಯ ಲ್ಯಾಬಿನಲ್ಲಿ ಇರುವುದು ಲಿನಕ್ಸ್, ವಿಂಡೋಸಿನ ಬದಲಿಗೆ ಬಳಸುವ ಪುಕ್ಕಟೆ ವ್ಯವಸ್ಥೆ. ಹಾಕುವುದು ನನಗೆ ರೂಢಿ. ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಡಬಹುದು, ಒಂದು ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಹೊತ್ತಿಸಿದಾಗ ಯಾವುದು ಬೇಕೆಂದು ಅದು ಕೇಳುತ್ತದೆ. ಯಾರೂ ಉತ್ತರ ಕೊಡದಿದ್ದರೆ, ಸ್ವಲ್ಪ ಕಾದು, ನಾವು ಮೊದಲೇ ಹೇಳಿಟ್ಟದ್ದನ್ನು ತೆರೆಯುತ್ತದೆ.

'ಅಂದ್ರ ಕರೆಂಟ್ ಬಂದಾಗ ಹೊಸಾದು ತೆರೀತದ. ಅದರಾಗ ಧ್ವನಿ ಇಲ್ಲ' ಎಂದು ತಮ್ಮನ ಹೆಂಡತಿಗೆ ಹೇಳಿದೆ. 'ಅತ್ತಿಗಿ, ನಿಮಗ ಬೇಕಂದಾಗ ನೀವು ಹಳೇದು ಆರಿಸಿಕೋರಿ. ಅಣ್ಣ ಎಲ್ಲೂ ಹೋಗೂದಿಲ್ಲ.'

ಇಬ್ಬರೂ ಒಪ್ಪಿದರು. ಇಬ್ಬರ ಮುಖದಲ್ಲೂ ಗೆದ್ದ ಕಳೆ ಕಾಣಲಿಲ್ಲ.

ಆಮೇಲೊಂದು ಭಾನುವಾರ ಮತ್ತೆ ಹೋದೆ. ಅವತ್ತು ಅಮಾವಾಸ್ಯೆ. 'ಅಮಾಸಿ ದಿನ ಹೊಸಾ ಕೆಲಸ ಯಾಕ್ರಿ' ಎಂದು ತಮ್ಮನ ಹೆಂಡತಿ ರಾಗ ಎಳೆದಳು; ನಾನು ಮೂಗು ಮುರಿದೆ. ಮೊದಲು ಪೆನ್‌ಡ್ರೈವಿಗೆ ಲಗ್ನಪತ್ರಿಕೆಗಳನ್ನೆಲ್ಲ ಇಳಿಸಿಕೊಂಡೆ. ಧ್ವನಿಯನ್ನೂ ಇಳಿಸಲು ಹೋದಾಗ ಅತ್ತಿಗೆ ಬೇಡವೆಂದಳು. 'ಒಬ್ಬ ಮನಷ್ಯಾಗ ಎರಡೆರಡು ಧ್ವನಿ ಮಾಡಬ್ಯಾಡವ್ವಾ. ಒಂದು ಇಲ್ಲಿ, ಒಂದು ನಿನ್ನ ಚೀಲದಾಗ. ಅವ್ರು ಯಾ ಕಡಿ ಅಂತ ಇರಬೇಕು?' ತಲೆ ಕೆಟ್ಟು, ಆಗಲಿ ಬಿಡಿ ಎಂದೆ. ಹೇಗೂ ಏನೂ ಅಳಿಸುವುದಿರಲಿಲ್ಲ.

ಲಿನಕ್ಸ್ ಹಾಕುವಾಗ ಒಂದು ಹಂತದಲ್ಲಿ ಡಿಸ್ಕು ಉದ್ದನೆಯ ಪಟ್ಟಿಯಾಗಿ ಪರದೆಯ ಮೇಲೆ ಬರುತ್ತದೆ. ನಡುವಿನ ಗೆರೆಯನ್ನು ಅತ್ತ ಇತ್ತ ಎಳೆದು, ಹಳೆಯದಕ್ಕೆ ಎಷ್ಟು, ಹೊಸದಕ್ಕೆ ಎಷ್ಟು ಎಂದು ಹೇಳಬೇಕು. ಅಪ್ಪನ ಹೊಲದಲ್ಲಿ ನನಗೆ ಪಾಲು ಬೇಡವೆಂದು ಸಹಿ ಹಾಕಿಕೊಟ್ಟವಳು ನಾನು. ಈಗ ಅಣ್ಣ ಸತ್ತ ಮೇಲೆ ಅವನ ಡಿಸ್ಕಿನಲ್ಲಿ ಪಾಲು ಮಾಡುತ್ತಿದ್ದೆ. ದೊಡ್ಡ ಪಾಲನ್ನು ಅವನಿಗೇ ಬಿಟ್ಟೆ. ಗುಂಡಿ ಒತ್ತಿದೆ. ಹಳೆಯದು ಒತ್ತರಿಸಿಕೊಂಡು ಹೊಸದಕ್ಕೆ ಜಾಗ ಬಿಡಲು ಹೊತ್ತು ಹಿಡಿಯುತ್ತದೆ. ಆಗ ಕಂಪ್ಯೂಟರನ್ನು ಆರಿಸಬಾರದು, ಆರಿಸಿದರೆ ಎರಡಕ್ಕೂ ಗಂಡಾಂತರ. ಕರೆಂಟಿನ ಭಯಕ್ಕೆ ಅವತ್ತೊಂದು ದಿನಕ್ಕೆಂದು ಇನ್ವರ್ಟರು ಎರವಲು ತಂದು ಜೋಡಿಸಿದ್ದೆ, ಸ್ವಿಚ್ಚಿನ ಹತ್ತಿರ ಮಕ್ಕಳು ಬರದಂತೆ ನೋಡಿದ್ದೆ. ಎಲ್ಲ ಸರಿಯಿದೆ ಎಂದು, ಊಟಕ್ಕೆ ಕರೆದರೆಂದು ಒಳಗೆ ಹೋದೆ. ರೊಟ್ಟಿ, ಪುಂಡಿಪಲ್ಯ ಉಂಡು, ಹಿತ್ತಲಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಆಗಿಹೋಗಿತ್ತು.

ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮುಂದೆ ಕತ್ತರಿಸಿಟ್ಟ ನಿಂಬೆಹಣ್ಣು. ಗೋಡೆಯ ಸ್ವಿಚ್ಚು ಆರಿತ್ತು. ಅತ್ತಿಗೆ ತಲೆ ಮೇಲೆ ನೀರು ಹಾಕಿಕೊಂಡು ಬಂದು, ಒದ್ದೆ ಕೂದಲಲ್ಲೇ ಊದಿನಕಡ್ಡಿ ಬೆಳಗುತ್ತಿದ್ದಳು.

'ಅತ್ತಿಗಿ, ಯಾಕ ಆರಿಸಿದ್ರಿ?' ಎಂದೆ.

'ಅಮಾಸಿ ಅಲ್ಲೇನವ್ವಾ. ನಡಿಯೂ ಮಷಿನಿಗಿ ಪೂಜಿ ಮಾಡಬಾರದು ಅಂತ ನಿಮ್ಮಣ್ಣ ಯಾವಾಗೂ ಆರಿಸೇ ಮಾಡತಿದ್ರು. ಪರದಿನೂ ಕರ್ರಗ ಇತ್ತಲ್ಲ, ಏನೂ ನಡದಿಲ್ಲ ಅಂತ...'

ಪರದೆ ಯಾರೂ ಮುಟ್ಟದಿದ್ದರೆ ತಾನೇ ಕಪ್ಪಾಗುತ್ತದೆ. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. ದೇವದುರ್ಗದ ಅಂಗಡಿಯಲ್ಲಿ ಪ್ರತಿ ಅಮಾವಾಸ್ಯೆ ಅಣ್ಣ ಮಾಡಿದ್ದನ್ನೇ ಅವಳು ಮಾಡಿದ್ದಳು. ಬಯ್ಯೋಣವೆಂದರೆ ಯಾರನ್ನು ಬಯ್ಯಲಿ? ಆಗಿದ್ದನ್ನು ಇದ್ದ ಹಾಗೆ ಹೇಳಿದೆ. ಹಳೆಯದು ಉಳಿದಿರಬಹುದು, ಹೋಗಿರಲೂಬಹುದು ಎಂದೆ. ಅವಳು ಊದಿನಕಡ್ಡಿ ಕೈಯಲ್ಲಿ ಹಿಡಿದೇ ನೆಲಕ್ಕೆ ಕೂತಳು. ಬೂದಿ ಸೀರೆಯ ಮೇಲೆ ಬೀಳುತ್ತಿತ್ತು.

ಸ್ವಿಚ್ಚು ಹಾಕಿದೆ. ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೀಟು. ಬೇರೇನೂ ಇಲ್ಲ. ಆರಿಸಿ ಮತ್ತೆ ಹಾಕಿದೆ. ಈ ಸಲ ಬಿಳಿ ಅಕ್ಷರ ಬಂತು: ಡಿಸ್ಕನ್ನು ಪರೀಕ್ಷಿಸುತ್ತಿದ್ದೇನೆ, ಕಾಯಿರಿ. ಅಂಕಿ ಆಮೆಯಂತೆ ಏರತೊಡಗಿತು. ಅತ್ತಿಗೆಯ ತಮ್ಮ ಬಂದು ಬಾಗಿಲಲ್ಲಿ ನಿಂತ. ಅವನ ಹೆಂಡತಿ ಬಂದಳು. ಆ ಕೋಣೆಗೆ ಕಾಲಿಡದ ಮಕ್ಕಳೂ ತಾಯಿಯ ಸೆರಗು ಹಿಡಿದು ಒಳಗೆ ಬಂದವು. ಪೆಟ್ಟಿಗೆ ಹೊರಗೆ ಹೋಗಲಿ ಎಂದವಳು ಈಗ ಅದರ ಮುಂದೆ ಕೈ ಮುಗಿದು ನಿಂತು, 'ಒಂದ ಸಲ ಮಾತಾಡ್ರಿ, ಮಾವಾರ' ಎಂದು ಪಿಸುಗುಟ್ಟುತ್ತಿದ್ದಳು. ಅಂಕಿ ಒಂದು ಕಡೆ ನಿಂತುಬಿಟ್ಟಿತು. ಬಹಳ ಹೊತ್ತು ಕದಲಲಿಲ್ಲ. ಆಗ ನಾನೂ ಬೇಡಿಕೊಂಡೆ. ಯಾರನ್ನು ಎಂದು ಕೇಳಿದರೆ, ದೇವರನ್ನಂತೂ ಅಲ್ಲ. ಅಣ್ಣನನ್ನೇ.

ಅಂಕಿ ಮುಂದೆ ಸರಿಯಿತು. ಕಂಪ್ಯೂಟರು ತಾನೇ ಆರಿ, ತಾನೇ ಹೊತ್ತಿಕೊಂಡಿತು. ಚಮಚದ ಸದ್ದು. ಸೀಟಿ.

'ಕರೆಂಟ್ ಬಂತು, ಬರ್ರೀ!'

'ಬಂದೆ ರೀ' ಎಂದು ಅತ್ತಿಗೆ ಎದ್ದಳು, ಅದರ ಮುಂದೆಯೇ ಕೂತಿದ್ದರೂ. ತಮ್ಮನ ಹೆಂಡತಿ, 'ಬಂದ್ರಲ್ಲ ಸದ್ಯ' ಎಂದು ಉಸಿರುಬಿಟ್ಟಳು; ಮರುಗಳಿಗೆ ತಾನು ಏನಂದೆನೆಂದು ತಿಳಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಮ್ಮು ಕೇಳಿಸಿತು.

ಆಮೇಲೆ ಮತ್ತೆ ಮೊದಲಿಂದ ಶುರು ಮಾಡಿದೆ, ಸ್ವಿಚ್ಚಿನ ಮುಂದೆಯೇ ಕುರ್ಚಿ ಹಾಕಿಕೊಂಡು. ಹೊತ್ತು ಇಳಿಯುವ ಮೊದಲೇ ಮುಗಿಯಿತು. ಹೊತ್ತಿಸಿದರೆ ಎರಡು ಸಾಲು ಬರುತ್ತವೆ, ಮೇಲಿನದು ಹೊಸದು, ಕೆಳಗಿನದು ಅಣ್ಣನದು. ಬೇಕಾದಾಗ ಕೆಳಗಿನ ಬಾಣ ಒತ್ತಬೇಕು ಎಂದು ಅತ್ತಿಗೆಗೆ ತೋರಿಸಿಕೊಟ್ಟೆ. ಎರಡು ಸಲ ಒತ್ತಿ ನೋಡಿದಳು. ಎರಡು ಸಲವೂ ಅಣ್ಣ ಕರೆದ.

ಅಲ್ಲಿಂದ ಮುಂದೆ ಫೋನಿನಲ್ಲಿ ಬಂದದ್ದೆಲ್ಲ ಒಳ್ಳೆಯ ಸುದ್ದಿಯೇ. ಮಕ್ಕಳು ಚೀರುವುದು ನಿಂತಿತು. ಅತ್ತಿಗೆಯ ಜ್ವರ ಮರಳಿ ಬರಲಿಲ್ಲ. ಅರ್ಜಿ ಹಾಕಿಸುವವರು ಮುಂದಿನ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಕಾಯುತ್ತಾರಂತೆ. ನಾನು ಬೀಗಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ, ವಿಜ್ಞಾನ ಎಂದರೆ ಇದು ನೋಡಿ, ಯಾರ ಮನಸ್ಸನ್ನೂ ನೋಯಿಸಲಿಲ್ಲ, ಯಾವುದನ್ನೂ ಅಳಿಸಲಿಲ್ಲ ಎಂದು.

ದಸರಾ ರಜೆಯಲ್ಲಿ ಮಾನ್ವಿಗೆ ಹೋದೆ. ಅತ್ತಿಗೆ ಕೆನ್ನೆ ತುಂಬಿಕೊಂಡಿದ್ದಳು. ಮುಂದಿನ ಕೋಣೆಯಲ್ಲಿ ಇಬ್ಬರೂ ಕೂತಿದ್ದಾಗ ಕರೆಂಟು ಹೋಗಿ ಬಂತು. ಪರದೆ ಬೆಳಗಿತು. ಎರಡು ಸಾಲು ಬಂದವು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳು ಪ್ರಿಂಟಾದ ಹಾಳೆಗಳನ್ನು ಜೋಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಕಾಯುವ ಹೊತ್ತು ಮುಗಿದು ಹೊಸದು ತೆರೆದುಕೊಂಡಿತು. ಕೋಣೆ ತಣ್ಣಗಿತ್ತು.

'ಅಣ್ಣನ ಧ್ವನಿ ಕೇಳೂದಿಲ್ಲೇನ್ರಿ?' ಎಂದೆ.

'ಮೊದಮೊದಲು ಬಾಣ ಒತ್ತಿ ಒತ್ತಿ ಕೇಳಿದೆ. ಈಗ ಬಿಟ್ಟೀನವ್ವಾ. ಲಗ್ನಪತ್ರಿಕಿ ಬಂದಾಗ ಹಳೇದು ತೆರಿಯೂದಾಗ್ತದ, ಆಗ ಸ್ಪೀಕರ್ ಆರಿಸಿರ್ತೀನಿ.'

'ಯಾಕ್ರಿ?'

ಹಾಳೆಗಳನ್ನು ಕುಟ್ಟಿ ಅಂಚು ಸರಿಮಾಡಿದಳು. 'ಮೊದ್ಲು ಅವ್ರು ಕರೀತಿದ್ರು. ನಾ ಒಲಿ ಮುಂದ ಇರ್ಲಿ, ಬಚ್ಚಲದಾಗ ಇರ್ಲಿ, ಅವ್ರಿಗಿ ಬೇಕಾದಾಗ ಕರೀತಿದ್ರು. ಈಗ ನಾ ಒತ್ತಿದ್ರ ಬರ್ತಾರ, ಒತ್ತದಿದ್ರ ಇಲ್ಲ. ನಾ ಕರದ ಕೂಡ್ಲೇ ನಿಮ್ಮಣ್ಣ ಯಾವತ್ತಾರ ಬಂದಾರೇನ, ನೀನ ಹೇಳು?' ಎಂದು ನಕ್ಕಳು. ನಿಜವಾಗಿಯೂ ನಕ್ಕಳು. 'ಅದು ಬರೇ ರೆಕಾರ್ಡವ್ವಾ. ನೀ ಅಂದಿದ್ದ ಖರೇ.'

ನನಗೆ ನಗು ಬರಲಿಲ್ಲ. 'ಮೊದಲಿನ ಹಂಗ ಮಾಡಿಕೊಡ್ಲೇನ್ರಿ? ಕರೆಂಟ್ ಬಂದ ಕೂಡ್ಲೇ ಹಳೇದ ತೆರಿಯೂ ಹಂಗ? ಒಂದ ಗಳಿಗಿ ಕೆಲಸ' ಎಂದೆ. ಎನ್ನುವಾಗಲೇ ಕೀಲಿಮಣೆ ನನ್ನ ಕಡೆ ಎಳೆದುಕೊಂಡಿದ್ದೆ.

ಅವಳು ಅದನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. 'ಬ್ಯಾಡ. ಹುಡುಗ್ರು ಈಗೀಗ ನಿದ್ದಿ ಮಾಡಾಕತ್ತಾವ. ಮತ್ತ ನೀ ಹಂಗ ಮಾಡಿದ್ರೂ, ನೀ ಮಾಡಿಕೊಟ್ಟೀ ಅಂತ ನಂಗ ಗೊತ್ತಿರ್ತದಲ್ಲ.'

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಗಿರಾಕಿ ನಿಂತು ಕೆಮ್ಮಿದರು. ಅತ್ತಿಗೆ ಆ ಕಡೆ ತಿರುಗಿ, 'ಬರ್ರಿ, ಕುಂದರ್ರಿ' ಎಂದಳು. ನಾನು ಎದ್ದು ಚೀಲ ತೆಗೆದುಕೊಂಡೆ.

ಅಣ್ಣನ ಮಣ್ಣಿನ ದಿನ ನಾನು ಅತ್ತಿರಲಿಲ್ಲ, ಕೆಲಸಕ್ಕೆ ಓಡಾಡುವವರು ನನ್ನ ಬಿಟ್ಟು ಬೇರೆ ಯಾರೂ ಇರಲಿಲ್ಲ. ಮಾನ್ವಿಯಲ್ಲಿ ರಾಯಚೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗ ಅಳು ಬಂತು. ಪಕ್ಕದ ಹೆಂಗಸು ಮಾವಿನ ಉಪ್ಪಿನಕಾಯಿಯ ಡಬ್ಬಿ ಕಾಲಡಿ ಇಟ್ಟುಕೊಂಡು, 'ಯಾಕವ್ವಾ, ಯಾರ ಹೋದ್ರು?' ಎಂದು ಕೇಳಿದಳು. 'ನಮ್ಮಣ್ಣ' ಎಂದೆ. 'ಯಾವಾಗ?' ಎಂದಳು. ಇವತ್ತು ಎಂದೆ. ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಲಿಲ್ಲ. ಅಷ್ಟು ದಿನ ಅವನು ಆ ಮನೆಯಲ್ಲಿದ್ದ, ಕಳಿಸಿಕೊಟ್ಟವಳು ನಾನು.